ಅನುಮತಿ ಮೀಮಾಂಸೆ: ಪರಸ್ಥಳದ ಫೋಲ್ಡರುಗಳ ಆರೋಹಣದಲ್ಲಿ ಅಧಿಕಾರ ನಿರ್ಣಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲಲ್ಲೇ ಹೇಳಿಬಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಆದ್ದರಿಂದ ಹೇಳುತ್ತೇವೆ. ಬೇರೆಲ್ಲೋ ಇರುವ ಸರ್ವರಿನ ಫೋಲ್ಡರನ್ನು ನಮ್ಮ ಲಿನಕ್ಸ್ ಕಂಪ್ಯೂಟರಿಗೆ ಮೌಂಟ್ ಮಾಡಿಕೊಂಡಾಗ ಅದು ಕಣ್ಣಿಗೆ ಕಂಡೂ ಕೈಗೆ ಸಿಗದೆ ‘ಪರ್ಮಿಷನ್ ಡಿನೈಡ್’ ಎನ್ನುವುದು ವಿಷಯ. ಆ ಮಾತು ನಿಲ್ಲುವುದು ಪ್ರಯೋಜನ. ಕೇಬಲ್ಲೋ ವೈಫೈಯೋ ಸಂಬಂಧ. ಇನ್ನು ಅಧಿಕಾರಿ ಯಾರೆಂಬುದು ಬಗೆಹರಿಯದೆ ಈ ಗ್ರಂಥವೇ ಹುಟ್ಟಿದೆ.

ಮೊದಲು ಪೂರ್ವಪಕ್ಷ. ಈ ಪಕ್ಷದವರನ್ನು ಸಪ್ತತ್ರಯವಾದಿಗಳೆನ್ನೋಣ. ಓದಲು ನಾಲ್ಕು, ಬರೆಯಲು ಎರಡು, ನಡೆಸಲು ಒಂದು, ಕೂಡಿದರೆ ಏಳು. ಒಡೆಯನಿಗೊಂದು ಏಳು, ಗುಂಪಿಗೊಂದು ಏಳು, ದಾರಿಹೋಕರಿಗೂ ಒಂದು ಏಳು ಹಂಚಿಬಿಟ್ಟರೆ ಲೋಕದಲ್ಲಿ ತಕರಾರೇ ಇರುವುದಿಲ್ಲ ಎಂಬುದು ಇವರ ದರ್ಶನ. ‘ಸಿಎಚ್‌ಮಾಡ್ 777’ ಇವರ ಏಕೈಕ ಮಂತ್ರ. ದೇವರು ಒಲಿಯದಿದ್ದರೆ ‘-ಆರ್’ ಎಂಬ ಬೀಜಾಕ್ಷರ ಸೇರಿಸಿ ಮತ್ತೆ ಜಪಿಸುತ್ತಾರೆ.

ಖಂಡನೆ ಸುಲಭ. ಮೌಂಟ್ ಮಾಡುವ ಮೊದಲು ಖಾಲಿ ಫೋಲ್ಡರಿಗೆ 777 ಕೊಟ್ಟರೆ, ಮೌಂಟ್ ಆದೊಡನೆ ಅದು ಅಡಿಗೆ ಬಿದ್ದು ಮರೆಯಾಗುತ್ತದೆ. ಮೇಲೆ ನಡೆಯುವುದು ಸರ್ವರಿನ ಕಡೆಯ ಅನುಮತಿಯೇ. ಮೌಂಟ್ ಆದ ಮೇಲೆ ಕೊಡಹೋದರೆ, ಕಡತದ ಒಡೆಯನಲ್ಲದವನಿಗೆ ಆ ಹಕ್ಕೇ ಇಲ್ಲವೆಂದು ಸರ್ವರು ಮುಖ ತಿರುಗಿಸುತ್ತದೆ. ಸರ್ವರಿಗೇ ಹೋಗಿ ಹೋಮ್ ಫೋಲ್ಡರಿಗೆಲ್ಲ 777 ಬಳಿದು ಬಂದರೆ, ಊರೆಲ್ಲ ತಿದ್ದಬಹುದಾದ ಕೀಲಿಯನ್ನು ತಾನು ನಂಬೆನೆಂದು ಎಸ್‌ಎಸ್‌ಎಚ್ ಮರುದಿನದಿಂದ ಒಳಗೇ ಬಿಡುವುದಿಲ್ಲ. ಬುಡದಿಂದಲೇ ಬಳಿದ ವೀರರ ಗತಿ ಇನ್ನೂ ಕರುಣಾಜನಕ: ಸುಡೂ ತನ್ನ ಸೆಟ್‌ಯೂಐಡಿ ಗುರುತನ್ನು ಕಳೆದುಕೊಂಡು ಕೆಲಸ ಬಿಡುತ್ತದೆ, ಕೆಡಿಸಿದ್ದನ್ನು ಸರಿಮಾಡಲು ಬೇಕಾದುದೂ ಅದೇ. ನೆಗಡಿಗೆ ಮೂಗು ಕೊಯ್ದವರ ಕಥೆ ಇದಕ್ಕಿಂತ ವಾಸಿ. ಅವರಿಗೆ ನೆಗಡಿಯಾದರೂ ಹೋಗಿತ್ತು.

ಇನ್ನು ಸಿದ್ಧಾಂತ. ಸೂತ್ರ: ‘ಅಂಕಿಯೇ ಆಳು, ಹೆಸರು ಬರೀ ಅಂಗಿ.’ ಸೂತ್ರವೆಂದರೆ ಸಂಸ್ಕೃತದಲ್ಲಿರಬೇಡವೇ ಎಂದು ಆಕ್ಷೇಪಿಸುವವರಿಗೆ ಸಮಾಧಾನ: ಸರ್ವರಿಗೆ ಎರಡೂ ಬಾರದು.

ಭಾಷ್ಯ. ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತನನ್ನು ತಾರ್ಕಿಕರು ಬಲ್ಲರು. ಅವನೀಗ ಒಂದು ಉಬುಂಟು ಲ್ಯಾಪ್‌ಟಾಪ್ ಕೊಂಡಿದ್ದಾನೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೊದಲು ಹುಟ್ಟಿದ ಬಳಕೆದಾರ ತಾನಾದ್ದರಿಂದ ಅವನ ಯೂಐಡಿ, ಎಂದರೆ ಬಳಕೆದಾರ ಅಂಕಿ, 1000. ಸರ್ವರಿನಲ್ಲಿ ಮೊದಲು ಹುಟ್ಟಿದವನು ಯಜ್ಞದತ್ತ. ಅಲ್ಲಿ 1000 ಅವನದು, ದೇವದತ್ತ 1001. ದೇವದತ್ತ ಎನ್‌ಎಫ್‌ಎಸ್ ಎಂಬ ಕಡತ ಹಂಚಿಕೆ ಪದ್ಧತಿಯ ಮೂಲಕ ಸರ್ವರಿನ ಫೋಲ್ಡರನ್ನು ಮೌಂಟ್ ಮಾಡುತ್ತಾನೆ. ಲ್ಯಾಪ್‌ಟಾಪು ಸರ್ವರಿಗೆ ‘ನಾನು 1000’ ಎಂದಷ್ಟೇ ಹೇಳುತ್ತದೆ. ಬಾ ಯಜ್ಞದತ್ತಾ, ಎನ್ನುತ್ತದೆ ಸರ್ವರು. ಫಲವಾಗಿ ದೇವದತ್ತ ಯಜ್ಞದತ್ತನ ಸಂಬಳದ ಪಟ್ಟಿಯನ್ನು ನಿರಾತಂಕವಾಗಿ ತಿದ್ದಬಲ್ಲ. ತನ್ನದೇ ಗುಟ್ಟಿನ ಕಡತವನ್ನು ಮಾತ್ರ ತೆರೆಯಲಾರ. ಪಟ್ಟಿ ತೆಗೆದು ನೋಡಿದರೆ ಯಜ್ಞದತ್ತನ ಕಡತಗಳ ಮುಂದೆಲ್ಲ ದೇವದತ್ತನ ಹೆಸರು, ದೇವದತ್ತನವುಗಳ ಮುಂದೆ 1001 ಎಂಬ ಅನಾಥ ಅಂಕಿ. ಮ್ಯಾಕ್ ಕೊಂಡಿದ್ದರೆ ತಪ್ಪುತ್ತಿತ್ತೇ? ಇಲ್ಲ, ಅಲ್ಲಿ ಮೊದಲ ಬಳಕೆದಾರನ ಅಂಕಿ 501, ಸರ್ವರಿಗೆ ಆ ಅಂಕಿಯವರ ಪರಿಚಯವೇ ಇರುವುದಿಲ್ಲ.

ಅಂಕಿಯ ಮೇಲಿನ ಈ ನಂಬಿಕೆ ಬಂದದ್ದು ಎಲ್ಲಿಂದ? 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎನ್‌ಎಫ್‌ಎಸ್ ರೂಪಿಸಿದಾಗ, ಒಂದು ಆವರಣದ ಯಂತ್ರಗಳಿಗೆಲ್ಲ ಒಬ್ಬನೇ ಯಜಮಾನ, ಒಂದೇ ಬಳಕೆದಾರರ ಪಟ್ಟಿ ಎಂಬ ಭಾವನೆಯಿತ್ತು. ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ತಾನೇ 1000 ಆಗುವ ಕಲಿಗಾಲವನ್ನು ಅವರು ನೆನೆಸಿರಲಿಲ್ಲ.

ಇಲ್ಲಿ ರೂಟ್ ಪ್ರಕರಣ. ಸ್ವಂತ ಯಂತ್ರದಲ್ಲಿ ರೂಟ್ ಸಾರ್ವಭೌಮ, ಅವನ ಅಂಕಿ ಸೊನ್ನೆ. ಸುಡೂ ಹಾಕಿದರೆ ಆಗದ್ದೇನಿದೆ ಎಂದು ಅವನು ಎನ್‌ಎಫ್‌ಎಸ್ ಫೋಲ್ಡರಿನ ಬಾಗಿಲಿಗೆ ಬಂದರೆ, ರೂಟ್ ಸ್ಕ್ವಾಶ್ ಎಂಬ ದ್ವಾರಪಾಲಕ ಕಿರೀಟ ಕಿತ್ತುಕೊಂಡು 65534 ಎಂಬ ಬಿಲ್ಲೆ ಕಟ್ಟುತ್ತಾನೆ, ಹೆಸರು ‘ನೋಬಡಿ’. ತನ್ನೂರಿನ ಚಕ್ರವರ್ತಿ ಪರರೂರಿನಲ್ಲಿ ಪರದೇಶಿ. ಇದು ದೋಷವಲ್ಲ, ಕಾವಲು. ‘ನೋ ರೂಟ್ ಸ್ಕ್ವಾಶ್’ ಬರೆದು ಅದನ್ನು ಕಳಚುವವರು ಬಂದವರಿಗೆಲ್ಲ ಉಗ್ರಾಣದ ಬೀಗದ ಕೈ ಕೊಟ್ಟಂತೆಯೇ ಸರಿ.

ಎಸ್‌ಎಸ್‌ಎಚ್ ಮೂಲಕ ಮೌಂಟ್ ಮಾಡುವ ಎಸ್‌ಎಸ್‌ಎಚ್‌ಎಫ್‌ಎಸ್ ದರ್ಶನ ಎನ್‌ಎಫ್‌ಎಸ್‌ಗೆ ವಿರುದ್ಧ. ಅಲ್ಲಿ ಯಾರ ಹೆಸರಿನಲ್ಲಿ ಲಾಗಿನ್ ಆದೆವೋ ಸರ್ವರಿಗೆ ನಾವು ಅವರೇ. ನಮ್ಮ ಅಂಕಿಯನ್ನು ಅದು ಕೇಳುವುದೇ ಇಲ್ಲ. ತೊಡಕು ಈಚೆ ದಡದಲ್ಲಿ. ಮೌಂಟ್ ಮಾಡಿದವನ ಹೊರತು ಬೇರಾರಿಗೂ ಪ್ರವೇಶವಿಲ್ಲ. ದೇವದತ್ತ ಮೌಂಟ್ ಮಾಡಿದ್ದನ್ನು ಸ್ವತಃ ರೂಟ್ ಇಣುಕಿದರೂ ಅನುಮತಿಗಳ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ! ಅದ್ವೈತಿಗಳು ಇದನ್ನು ಅನಿರ್ವಚನೀಯವೆಂದಾರು. ನಮ್ಮ ಮತದಲ್ಲಿ ಅದು ‘ಅಲೋ ಅದರ್’ ಆಯ್ಕೆಯ ಅಭಾವ. ಅದನ್ನು ಸಾಮಾನ್ಯ ಬಳಕೆದಾರ ಕೊಡಬೇಕಾದರೆ, ಈ ದರ್ಶನಕ್ಕೆ ಆಧಾರವಾದ ಫ್ಯೂಸ್‌ನ ಸಂರಚನಾ ಕಡತದಲ್ಲಿ ‘ಯೂಸರ್ ಅಲೋ ಅದರ್’ ಎಂಬ ಸಾಲಿನ ಮುಂದಿರುವ ‘#’ ಗುರುತನ್ನು ಅಳಿಸಬೇಕು. ಅಂಕಿಗಳು ಅಪರಿಚಿತವಾಗಿ ಕಂಡರೆ ‘ಐಡಿಮ್ಯಾಪ್’ಗೆ ‘ಯೂಸರ್’ ಎಂದು ಕೊಟ್ಟರಾಯಿತು. ವಿಂಡೋಸ್ ಮಾದರಿಯ ಸಿಐಎಫ್‌ಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಡೆಯನ ಅಂಕಿಯನ್ನೂ ಅನುಮತಿಯನ್ನೂ ಮೌಂಟ್ ಮಾಡುವ ಮುಹೂರ್ತದಲ್ಲೇ ಹೇಳಿಬಿಡಬೇಕು.

ಪ್ರಾಯಶ್ಚಿತ್ತ ವಿಧಿ. ಎರಡೂ ಯಂತ್ರಗಳಲ್ಲಿ ‘ಐಡಿ’ ಆಜ್ಞೆ ಕೊಟ್ಟು ಅಂಕಿ ತಾಳೆ ನೋಡುವುದು. ಕಡತಗಳ ಪಟ್ಟಿಯನ್ನು ‘ಎಲ್‌ಎಸ್ -ಎಲ್‌ಎನ್’ ಎಂದು ಹೆಸರಿನ ಅಂಗಿ ಕಳಚಿ ನೋಡುವುದು. ತಾಳೆಯಾಗದಿದ್ದರೆ ಒಂದು ಕಡೆಯ ಯೂಐಡಿ ಬದಲಿಸಿ, ಹಳೆಯ ಅಂಕಿಯಲ್ಲೇ ಉಳಿದ ಕಡತಗಳನ್ನು ‘ಸಿಎಚ್‌ಓನ್’ ಮಾಡಿ ಹೊಸ ಅಂಕಿಗೆ ತರಬೇಕು. ಫೋಲ್ಡರು ಒಬ್ಬನದೇ ಆಗಿದ್ದರೆ, ಬಂದವರನ್ನೆಲ್ಲ ಒಂದೇ ಅಂಕಿಗೆ ಇಳಿಸುವ ‘ಆಲ್ ಸ್ಕ್ವಾಶ್’ ಹಾಗೂ ‘ಅನಾನ್‌ಯೂಐಡಿ’ ಸಾಕು. ಎಲ್ಲ ಸರಿಯಿದ್ದೂ ಗುಂಪಿನ ಹಕ್ಕು ಸಿಗದಿದ್ದರೆ ಗುಂಪುಗಳನ್ನು ಎಣಿಸಿ: ಎನ್‌ಎಫ್‌ಎಸ್‌ನ ಹಳೆಯ ಗುರುತಿನ ಚೀಟಿಯಲ್ಲಿ 16ಕ್ಕೆ ಮಾತ್ರ ಜಾಗ, ಹದಿನೇಳನೆಯದು ದಾರಿಯಲ್ಲೇ ಉದುರುತ್ತದೆ.

ಫಲಶ್ರುತಿ. ಇದನ್ನು ತ್ರಿಕಾಲ ಪಠಿಸಿದವರಿಗೆ ಯಾವ ಅನುಮತಿಯೂ ದೊರೆಯುವುದಿಲ್ಲ. ಸರ್ವರಿನ ಎಕ್ಸ್‌ಪೋರ್ಟ್ಸ್ ಕಡತ ತಿದ್ದಿದ ಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಓಡಿಸಿ. ಅಲ್ಲಿಯವರೆಗೆ ಸರ್ವರು ಹಳೆಯ ಪಾಠವನ್ನೇ ಓದುತ್ತಿರುತ್ತದೆ.