ಸೊನ್ನಿ-ಸೊನ್ನಿ

ಬೆಳಗಾವಿ–ಖಾನಾಪುರದ ನಡುವಿನ ದೇಸೂರಿನವರು ಫುಟ್‌ಬಾಲ್‌ನಿಂದ ತಪ್ಪಿಸಿಕೊಳ್ಳುವಂತಿಲ್ಲ. ಇತ್ತ ಬೆಳಗಾವಿಯ ಸೇಂಟ್ ಪೌಲ್ಸ್ ಶಾಲೆ, ಅತ್ತ ಘಟ್ಟ ಇಳಿದರೆ ಗೋವಾ. ಎರಡೂ ಕಡೆ ಚೆಂಡಿನ ಹುಚ್ಚು. ಆದರೂ ಕಟ್ಟೆಯ ಹಿರಿಯರ ತಕರಾರು ಮುಗಿಯುವುದಿಲ್ಲ.

‘ತಮ್ಮಾ, ತೊಂಬತ್ತು ಮಿನಿಟ ಓಡಿ ಕಡೀಕ ಸೊನ್ನಿ-ಸೊನ್ನಿ ಅಂದ್ರ ಹೆಂಗಪಾ? ಕುಸ್ತ್ಯಾಗರ ಒಬ್ಬನ ಬೆನ್ನಿಗೆ ಮಣ್ಣ ಹತ್ತತೈತಿ!’

‘ಕುಸ್ತೀನೂ ಬರಾಬರಿ ಆಗ್ತಾವಲ್ಲಜ್ಜಾ?’

‘ಆಗ್ತಾವ. ಆದ್ರ ಅಲ್ಲಿ ಇಬ್ಬರಿಗೇ ದಣಿವು. ಇಲ್ಲಿ ಇಪ್ಪತ್ತೆರಡ ಮಂದಿಗೆ!’

ಅಜ್ಜನ ಲೆಕ್ಕ ತಪ್ಪಲ್ಲ. ಈ ಆಟಕ್ಕೆ ಬೆವರಿನ ಲೆಕ್ಕವೇ ಗೊತ್ತಿಲ್ಲ. 2022ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸಿನ ಎಂಬಾಪೆ ಮೂರು ಗೋಲು ಹೊಡೆದ, ಆಟ 3–3. ಪೆನಾಲ್ಟಿಯಲ್ಲಿ 4–2ರಿಂದ ಕಪ್ ಮಾತ್ರ ಅರ್ಜೆಂಟೀನಾಕ್ಕೆ ಹೋಯಿತು. ಒಬ್ಬನೇ ಅಷ್ಟು ಮಾಡಿದರೂ ಇಷ್ಟೇ ಫಲ!

ನಮ್ಮದೂ ಕಡಿಮೆ ತಾಳ್ಮೆಯಲ್ಲ. 1968–69ರಲ್ಲಿ ಮೈಸೂರು ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯ, ಅದನ್ನು ಮತ್ತೆ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ಆಗಿನ ಕಪ್ಪಿಗೆ ಸೀಟಿ ಹೊಡೆದ ಹುಡುಗರು ಈ ಕಪ್ಪಿಗೆ ಹಲ್ಲುಸೆಟ್ ಹಿಡಿದುಕೊಂಡು ಸೀಟಿ ಹೊಡೆದಿರಬೇಕು.

ಇಷ್ಟು ಬೆವರು, ಇಷ್ಟು ಕಾಯುವಿಕೆ ಎಲ್ಲ ಎದುರಿಗೊಂದು ತಂಡ ಇರುವುದರಿಂದಲೇ. ಪೈಪೋಟಿ ಅಂದರೆ ಎದುರಿನವನ ಮೇಲಿನ ಸಿಟ್ಟು ಅಂದುಕೊಂಡವರು ಒಮ್ಮೆ ಖಾಲಿ ಮೈದಾನದಲ್ಲಿ ಗೋಲು ಹೊಡೆದು ನೋಡಲಿ. ನೂರು ಹೊಡೆದರೂ ಚಪ್ಪಾಳೆಯಿಲ್ಲ. ಚೆಂಡನ್ನೂ ತಾವೇ ತರಬೇಕು. ಆದ್ದರಿಂದ ಗೆಲ್ಲುವ ಆಸೆಯಿದ್ದವರು ಮೊದಲು ಎದುರು ತಂಡಕ್ಕೆ ಫೋನ್ ಮಾಡಿ, ‘ಟೈಮಿಗೆ ಬರ್ರೀಪಾ’ ಅನ್ನಬೇಕು.