ಬಣ್ಣ ನೋಡಿ ಕೊಂಡರು, ಸದ್ದು ಕೇಳಿ ಬೆಚ್ಚಿದರು
(ಒಂದು ಕಾಲ್ಪನಿಕ ಸಂದರ್ಶನ)

ಯಲಹಂಕ ನ್ಯೂಟೌನಿನ ಒಂದು ಗ್ಯಾರೇಜಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಬೋಲ್ಟು ಹಾಕಿಸಿಕೊಂಡು ಕೂತಿರುವವರು ಹಿರಿಯ ಬೆಂಚ್ ಗ್ರೈಂಡರ್. ಪೀಣ್ಯದ ಶೆಡ್ಡೊಂದರಲ್ಲಿ ಲೇತ್ ಟೂಲುಗಳಿಗೆ ಸಾಣೆ ಹಿಡಿದು ಸವೆದು, ಯಶವಂತಪುರದ ಗುಜರಿಯಲ್ಲಿ ವನವಾಸ ಮುಗಿಸಿ, ಈಗ ಒಬ್ಬ ಸಾಫ್ಟ್‌ವೇರ್ ಎಂಜಿನಿಯರರ ಹವ್ಯಾಸಕ್ಕೆ ಆಳಾಗಿ ಬಂದಿದ್ದಾರೆ. ಮಾತು ಒರಟು. ಕಿಡಿ ಹಾರಿಸುವುದು ವೃತ್ತಿಧರ್ಮ.

ಪ್ರಶ್ನೆ: ನಮಸ್ಕಾರ. ಹೊಸ ಹಸಿರು ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ.

ಗ್ರೈಂಡರ್: ನಮ್ಮ ಯಜಮಾನರು ಮರುಳಾಗಿದ್ದೂ ಅದಕ್ಕೇ ಸ್ವಾಮಿ. ಗುಜರಿಯವನು ನನ್ನನ್ನ ಕೊಂಡಿದ್ದು ತೂಕದ ಲೆಕ್ಕದಲ್ಲಿ, ಮಾರಿದ್ದು ಬಣ್ಣದ ಲೆಕ್ಕದಲ್ಲಿ. ಒಂದು ಡಬ್ಬಿ ಪೇಂಟು ಹೊಡೆದ, ‘ರೀಕಂಡೀಷನ್ ಮಾಡಿದೀವಿ ಸಾರ್’ ಅಂದ. ನೇಮ್‌ಪ್ಲೇಟಿಗೂ ಅದೇ ಪೇಂಟು. ನನ್ನ ವೋಲ್ಟೇಜು, ವೇಗ ಎಷ್ಟೂಂತ ಓದೋಕೆ ಥಿನ್ನರ್ ಹಚ್ಚಿ ಉಜ್ಜಬೇಕಾಯ್ತು.

ಪ್ರಶ್ನೆ: ಮನೆಗೆ ಬಂದ ಮೇಲೆ?

ಗ್ರೈಂಡರ್: ಸ್ವಿಚ್ ಹಾಕಿದರು. ಗುಂಯ್ ಅಂದೆ, ತಿರುಗಲಿಲ್ಲ. ‘ಮೋಟರ್ ಸುಟ್ಟಿದೆ’ ಅಂತ ತೀರ್ಪು ಕೊಟ್ಟು ವೈಂಡಿಂಗ್ ಅಂಗಡಿಗೆ ಹೊರಟೇಬಿಟ್ಟರು. ಪಕ್ಕದ ಮನೇಲಿ ಒಬ್ಬರು ನಿವೃತ್ತ ಫಿಟ್ಟರ್ ಇದಾರೆ, ಅವರು ತಡೆದರು. ಸುಟ್ಟಿದ್ದರೆ ವಾಸನೆ ಬರಬೇಕಿತ್ತಲ್ಲ? ಮರದ ಕಡ್ಡೀಲಿ ಕಲ್ಲನ್ನ ಮೆಲ್ಲಗೆ ದೂಡಿದರು, ಓಡಿದೆ. ಕೆಟ್ಟಿದ್ದು ಕೆಪಾಸಿಟರ್ ಅಷ್ಟೇ. ಪ್ಲಗ್ ಕಿತ್ತು, ಅದರಲ್ಲಿ ಉಳಿದಿದ್ದ ಚಾರ್ಜು ಇಳಿಸಿ, ಬೇರೆ ಹಾಕಿದರು. ಮೆಗ್ಗರ್ ಹಿಡಿದು ಇನ್ಸುಲೇಶನ್ ನೋಡಿದರು. ಗುಜರಿಯ ಮಳೇಲಿ ನೆನೆದಿದ್ದೆ, ಒಂದು ಮೆಗಾಓಮ್ ಕೂಡ ತೋರಿಸಲಿಲ್ಲ. ಬಿಚ್ಚಿಟ್ಟು, ಪಕ್ಕದಲ್ಲಿ ಬಲ್ಬು ಉರಿಸಿ ಒಣಗಿಸಿದರು. ಬಾಣಂತಿ ಆರೈಕೆ ಮಾಡಿದ ಹಾಗೆ ಅಂದುಕೊಳ್ಳಿ.

ಪ್ರಶ್ನೆ: ಅಲ್ಲಿಗೆ ಗುಣವಾಯಿತೆ?

ಗ್ರೈಂಡರ್: ಬೇರಿಂಗು ಗರಗರ ಅಂತಿತ್ತು. ಯಜಮಾನರು ಸಂದಿಗೆ ಎಣ್ಣೆ ಬಿಟ್ಟು ಕೈತೊಳಕೊಳ್ಳೋಣ ಅಂದರು. ಮುಚ್ಚಿದ ಬೇರಿಂಗಿಗೆ ಹೊರಗಿಂದ ಎಣ್ಣೆ ಬಿಟ್ಟರೆ ಧೂಳು ಅಂಟುತ್ತೇ ಹೊರತು ಒಳಗಡೆ ಏನೂ ಹೋಗಲ್ಲ. ಪುಲ್ಲರ್ ಹಾಕಿ ಹಳೇದು ಎಳೆದು ಹೊಸದು ಕೂರಿಸಿದರು. ಕೂರಿಸುವಾಗ ಪೈಪು ಒಳಗಿನ ರಿಂಗಿನ ಮೇಲೇ ಇರಬೇಕು. ಹೊರಗಿನ ರಿಂಗಿಗೆ ಸುತ್ತಿಗೆ ಬಿದ್ದರೆ ಆ ಪೆಟ್ಟು ನೇರ ಗುಂಡುಗಳಿಗೆ. ಹೊಸ ಬೇರಿಂಗು ಅವತ್ತೇ ಹಳೇದಾಗುತ್ತೆ.

ಪ್ರಶ್ನೆ: ಕೊನೆಗೂ ಕೇಳಲೇಬೇಕು. ತಾವು ಎಡವೋ, ಬಲವೋ?

ಗ್ರೈಂಡರ್: ಎರಡೂ. ನನ್ನ ಬಲಗಡೆ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಗಡೆಯದು ಎಡಕ್ಕೆ ತಿರುಗಿಸಿದರೆ ಬಿಗಿ. ಹಾಗಿರೋದರಿಂದಲೇ ಓಡುವಾಗ ಎರಡೂ ಕಳಚಿಕೊಳ್ಳಲ್ಲ. ಇದು ಗೊತ್ತಿಲ್ಲದವರು ಎಡಗಡೆ ನಟ್ಟು ಬಿಚ್ಚೋಕೆ ಹೋಗಿ ಇನ್ನಷ್ಟು ಬಿಗಿ ಮಾಡ್ತಾರೆ, ಆಮೇಲೆ ಬೈತಾ ಸುತ್ತಿಗೆ ತಗೋತಾರೆ. ರಾಜಕೀಯದಲ್ಲೂ ಹೀಗೇ ಅಂತ ಕೇಳಿದೀನಿ.

ಪ್ರಶ್ನೆ: ಕಬ್ಬಿಣದ ಜಾತಿ ಕಂಡುಹಿಡೀತೀರಂತೆ?

ಗ್ರೈಂಡರ್: ಮನೆತನ ಕೇಳಲ್ಲ, ಕಿಡಿ ನೋಡ್ತೀನಿ. ಮೈಲ್ಡ್ ಸ್ಟೀಲಿನ ಕಿಡಿ ಉದ್ದ, ಕವಲು ಕಮ್ಮಿ. ಕಾರ್ಬನ್ ಹೆಚ್ಚಿರೋ ಅರ ತಂದು ಒತ್ತಿ, ನಕ್ಷತ್ರಕಡ್ಡಿ ಹಚ್ಚಿದ ಹಾಗೆ ಸಿಡಿಯುತ್ತೆ. ಹೈಸ್ಪೀಡ್ ಸ್ಟೀಲಿಗೆ ಮಂಕು ಕೆಂಪು, ನಾಲ್ಕು ಎಳೆ. ಅಲ್ಯೂಮಿನಿಯಂ ಮಾತ್ರ ಕಿಡೀನೂ ಕೊಡಲ್ಲ, ನನ್ನ ಕಲ್ಲಿನ ರಂಧ್ರಗಳಲ್ಲಿ ಮೆತ್ತಿಕೊಂಡು ಕೂರುತ್ತೆ. ಆಮೇಲೆ ಡ್ರೆಸ್ಸರ್ ಹಿಡಿದು ಮುಖ ಕೆರೆದು ಹೊಸ ಹರಳು ತೆಗೀಬೇಕು.

ಪ್ರಶ್ನೆ: ನಿಮ್ಮ ಊರಿನ ದೊಡ್ಡ ಕಾರ್ಖಾನೆಗಳ ಬಗ್ಗೆ ನಿಮಗೆ ಅಸೂಯೆಯೆ?

ಗ್ರೈಂಡರ್: ಎಚ್‌ಎಂಟಿ 1953ರಲ್ಲಿ ಜಾಲಹಳ್ಳೀಲಿ ಹುಟ್ಟಿತು, 1961ರಿಂದ ವಾಚು ಮಾಡಿತು. 2016ರಲ್ಲಿ ವಾಚ್ ಕಂಪನಿ ಮುಚ್ಚೋಕೆ ದೆಹಲಿ ಒಪ್ಪಿಗೆ ಕೊಟ್ಟಿತು. ಈಗ ಅಲ್ಲೊಂದು ಮ್ಯೂಸಿಯಂ. ದೊಡ್ಡವರು ನಿಂತರೆ ಮ್ಯೂಸಿಯಂ, ನನ್ನಂಥವರು ನಿಂತರೆ ಗುಜರಿ. ಇಲ್ಲೇ ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ 1984ರಿಂದ ಎರಕ ಹೊಯ್ತಿದೆ. ಆ ಗಾಲಿಗಳು ದೇಶ ಸುತ್ತುತ್ವೆ. ನಾನು ಕೂತಲ್ಲೇ ಸುತ್ತೋನು, ಆದರೆ ವೇಗಕ್ಕೇನೂ ಕಮ್ಮಿ ಇಲ್ಲ. ನನ್ನ 200 ಮಿಲಿಮೀಟರ್ ಕಲ್ಲು ನಿಮಿಷಕ್ಕೆ 2,850 ಸುತ್ತು. ಅಂಚಿನ ವೇಗ ಗಂಟೆಗೆ ಸುಮಾರು 107 ಕಿಲೋಮೀಟರ್. ಹೆಬ್ಬಾಳದ ಫ್ಲೈಓವರ್ ಮೇಲೆ ಸಂಜೆ ಆರಕ್ಕೆ ಯಾರಾದರೂ ಈ ವೇಗ ತೋರಿಸಲಿ ನೋಡೋಣ!

ಪ್ರಶ್ನೆ: ಇಷ್ಟು ವೇಗದವರಿಗೆ ಮೈಮೇಲೆ ಎಷ್ಟೊಂದು ಕವಚ!

ಗ್ರೈಂಡರ್: ಗುಜರಿಗೆ ಬರೋ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ನಮ್ಮ ಜನ ಮೊದಲು ಕಿತ್ತೆಸೆಯೋದೇ ಗಾರ್ಡು, ‘ಅಡ್ಡ ಬರುತ್ತೆ’ ಅಂತ. ಅಡ್ಡ ಬರೋದೇ ಅದರ ಕೆಲಸ ಸ್ವಾಮಿ! ಟೂಲ್ ರೆಸ್ಟಿಗೂ ಕಲ್ಲಿಗೂ 3 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ಇದ್ದರೆ ತೆಳು ಉಳಿ ಒಳಕ್ಕೆ ಸಿಕ್ಕಿ ಕಲ್ಲೇ ಒಡೆಯುತ್ತೆ. ಕಲ್ಲು ಸವೆದ ಹಾಗೆ ರೆಸ್ಟನ್ನ ಮುಂದಕ್ಕೆ ಸರಿಸ್ತಾ ಹೋಗಬೇಕು. ಕನ್ನಡಕ ಹಾಕಿ ಅಂದರೆ ‘ಎರಡೇ ನಿಮಿಷದ ಕೆಲಸ’ ಅಂತಾರೆ. ಕಣ್ಣು ಹೋಗೋಕೆ ಅಷ್ಟೂ ಬೇಕಾಗಿಲ್ಲ.

ಪ್ರಶ್ನೆ: ಆದರೂ ಆಯುಧಪೂಜೆಯ ದಿನ ಗೌರವ ಸಿಗುತ್ತಲ್ಲ?

ಗ್ರೈಂಡರ್: ಸಿಗುತ್ತೆ. ಕುಂಕುಮ, ಸೇವಂತಿಗೆ, ಬೂದುಗುಂಬಳ, ಕಡ್ಲೆಪುರಿ, ಫೋಟೊ. ನನ್ನ ಗಾರ್ಡಿಗೆ ವಿಭೂತಿ ಬಳಿದವರೇ ಮಾರನೇ ದಿನ ಅದನ್ನ ಕಿತ್ತರು. ಪೂಜೆ ಬೇಡ ಅನ್ನಲ್ಲ. ಮಂಗಳಾರತಿಗೆ ಮುಂಚೆ ಒಂದು ಸಲ ನಟ್ಟು ಮುಟ್ಟಿ ನೋಡಿ, ಧೂಳು ಒರೆಸಿ, ವೈರು ಕಚ್ಚಿದೆಯಾ ನೋಡಿ. ಅಷ್ಟು ಸಾಕು ನನಗೆ.

ಪ್ರಶ್ನೆ: ಹಳೇ ಗ್ರೈಂಡರ್ ಕೊಳ್ಳುವವರಿಗೆ ಒಂದು ಕಿವಿಮಾತು?

ಗ್ರೈಂಡರ್: ಬಣ್ಣ ಬಿಟ್ಟು ಬಾಕಿ ಎಲ್ಲಾ ನೋಡಿ. ಶಾಫ್ಟನ್ನ ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಇದೆಯಾ ನೋಡಿ. ಕಲ್ಲನ್ನ ಬಿಚ್ಚಿ, ರಂಧ್ರದಲ್ಲಿ ಬೆರಳು ತೂರಿಸಿ ತೂಗುಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ಕಲ್ಲು ಠಣ್ ಅನ್ನುತ್ತೆ. ಸೀಳಿದ್ದರೆ ಡಬ್ ಅನ್ನುತ್ತೆ, ಅದನ್ನ ಅಲ್ಲೇ ಒಡೆದುಹಾಕಿ, ಇನ್ನೊಬ್ಬರ ಕೈಗೆ ಹೋಗದ ಹಾಗೆ. ಕಲ್ಲಿನ ಮೇಲೆ ಬರೆದ ವೇಗ ಮೋಟರಿನದಕ್ಕಿಂತ ಕಮ್ಮಿ ಇದ್ದರೆ ಆ ಕಲ್ಲು ಬೇಡ. ಹಾಕುವಾಗ ಎರಡೂ ಬದಿಗೆ ಕಾಗದದ ವಾಷರ್ ಮರೀಬೇಡಿ.

ಈಗ ಎದ್ದು ಪಕ್ಕಕ್ಕೆ ಸರೀರಿ. ಇವತ್ತು ತಾನೇ ಹೊಸ ಕಲ್ಲು ಹಾಕಿದಾರೆ, ಒಂದು ನಿಮಿಷ ಖಾಲಿ ಓಡಬೇಕು. ಅಲ್ಲೀವರೆಗೆ ಯಾರೂ ನನ್ನ ಎದುರಿಗೆ ನಿಲ್ಲಬಾರದು. ಎದುರು ನಿಲ್ಲದೆ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳೋದು ನಿಮ್ಮ ಕಸುಬಿನವರಿಗೆ ಹೊಸದೇನಲ್ಲವಲ್ಲ!