ಮೊಬೈಲಿನಲ್ಲಿ ಉಪಾಧ್ಯಕ್ಷರು ಮೇಲಿದ್ದಾರೆ

ಖೋ-ಖೋ ಆಡಿದವರಿಗೆ ಗೊತ್ತು. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಬ್ಬರ ಮುಖ ಮೂಡಣಕ್ಕೆ, ಪಕ್ಕದವರದು ಪಡುವಣಕ್ಕೆ. ಓಡುವವನು ಒಬ್ಬನೇ. ಅವನು ಬಂದು ಬೆನ್ನಿಗೆ ತಟ್ಟಿ ‘ಖೋ’ ಅಂದನೋ, ಕೂತವನು ಏಳಲೇಬೇಕು. ಹಿಡಿದ ದಿಕ್ಕನ್ನು ಕಂಬ ಸುತ್ತುವ ತನಕ ಬದಲಿಸುವಂತಿಲ್ಲ. ನಮ್ಮ ಖೋ-ಖೋ ಸಂಘದ ಕಾರ್ಯಕಾರಿ ಸಮಿತಿ ಕೂರುವುದೂ ಇದೇ ಕ್ರಮದಲ್ಲಿ. ಆರು ವರ್ಷದ ಹಿಂದಿನ ಮಹಾಸಭೆಯಲ್ಲಿ, ಎರಡನೇ ಸುತ್ತಿನ ಬೋಂಡ ಬರುವ ಹೊತ್ತಿಗೆ, ಕಾರ್ಯದರ್ಶಿಗಳು ನನ್ನ ಬೆನ್ನು ತಟ್ಟಿದರು.

“ವೆಬ್‌ಸೈಟು ನೀವು ನೋಡ್ಕೊಳಿ ಸಾರ್. ನಿಮ್ಮ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರಲ್ಲಿದಾನಲ್ಲ.”

ಮಗ ಸಾಫ್ಟ್‌ವೇರಿನಲ್ಲಿದ್ದರೆ ಅಪ್ಪನಿಗೆ ಕಂಪ್ಯೂಟರು ತಾನಾಗಿಯೇ ಬರುತ್ತದೆ ಅನ್ನುವುದು ನಮ್ಮೂರಿನ ತರ್ಕ. ಖಜಾಂಚಿಯವರ ಮಗಳು ಹಲ್ಲಿನ ಡಾಕ್ಟರು; ಅವರನ್ನು ಇದುವರೆಗೆ ಯಾರೂ ಹಲ್ಲು ಕೀಳಿ ಅಂತ ಕೇಳಿದ್ದಿಲ್ಲ. ಬ್ಯಾಂಕಿನಲ್ಲಿ 32 ವರ್ಷ ಗುಮಾಸ್ತಿಕೆ ಮಾಡಿದ ನಾನು ಎದ್ದೆ, ಓಡಿದೆ. ನಾಲ್ಕು ವರ್ಷಕ್ಕೊಮ್ಮೆ ಬರುವ ಚುನಾವಣೆಯೇ ನಮ್ಮ ಸಂಘದ ಕಂಬ. ಅದನ್ನೂ ಒಂದು ಸಲ ಸುತ್ತಿದ್ದಾಯಿತು. ಆಚೆ ಬದಿಯಲ್ಲೂ ಖೋ ಕೊಡಲು ಒಂದು ಬೆನ್ನು ಸಿಗಲಿಲ್ಲ.

ವೆಬ್‌ಸೈಟಿನಲ್ಲಿ ನಮಗೆ 11 ಉಪಸಮಿತಿಗಳಿವೆ. ಮೈದಾನದಲ್ಲಿ ಎಷ್ಟಿವೆ ಅನ್ನುವುದು ಬೇರೆ ಮಾತು. ಶಿಸ್ತು ಸಮಿತಿಯ ಪುಟದಲ್ಲಿ ‘ವಿವರ ಶೀಘ್ರದಲ್ಲಿ’ ಎಂದು ಆರು ವರ್ಷದಿಂದ ಇದೆ. ಸಂಚಾಲಕರನ್ನು ಕೇಳಿದರೆ, “ಒಂದು ಗಲಾಟೆ ಆಗ್ಲಿ ಸಾರ್, ಆಮೇಲೆ ಬರಿಯೋಣ” ಅನ್ನುತ್ತಾರೆ. ಹೇಳದೆಯೇ ಕೆಲಸ ಮಾಡುವುದು ಊಟೋಪಚಾರ ಸಮಿತಿ ಒಂದೇ. ಅದರ ಸಂಚಾಲಕರು ವೆಬ್‌ಸೈಟನ್ನು ಕಣ್ಣಿಂದ ನೋಡಿಲ್ಲ. ಇಲ್ಲಿ ಯಾರಿಗೂ ಸಂಬಳವಿಲ್ಲ, ಹಾಗಾಗಿ ಯಾರನ್ನೂ ಬೈಯುವಂತಿಲ್ಲ. ಬ್ಯಾಂಕಿನಲ್ಲಿ ಬೈಸಿಕೊಂಡೇ ಕೆಲಸ ಕಲಿತ ನನಗೆ ಇದು ಹೊಸ ಕಷ್ಟ.

ವಿಷಯ ಬರುವುದು ವಾಟ್ಸಾಪಿನಲ್ಲಿ, ರಾತ್ರಿ ಹತ್ತೂವರೆಯ ಮೇಲೆ. ಪಂದ್ಯದ ಫಲಿತಾಂಶವನ್ನು ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಫೋಟೋ ತೆಗೆದು ಕಳಿಸುತ್ತಾರೆ. ಕೆಳಗೆ, ‘ಸ್ವಲ್ಪ ಹಾಕ್ಬಿಡಿ’. ಆ ‘ಸ್ವಲ್ಪ’ಕ್ಕೆ ನನಗೆ ಎರಡು ಗಂಟೆ.

ಕಾರ್ಯದರ್ಶಿಗಳ ವಾರ್ಷಿಕ ವರದಿ ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಫಾಂಟಿನಲ್ಲಿ ಬರುತ್ತದೆ. ಅದು ಯೂನಿಕೋಡ್ ಅಲ್ಲ. ಒಳಗಿರುವುದೆಲ್ಲ ಇಂಗ್ಲಿಷ್ ಅಕ್ಷರ, ಗುರುತುಗಳು. ಫಾಂಟು ಅವಕ್ಕೆ ಬಣ್ಣ ಬಳಿದು ಕಿರೀಟ ತೊಡಿಸಿ ಕನ್ನಡದ ವೇಷ ಕಟ್ಟಿರುತ್ತದೆ. ವೆಬ್‌ಸೈಟಿಗೆ ಅಂಟಿಸಿದಿರೋ, ವೇಷ ಕಳಚಿ ಚೌಕಿಯ ಮನೆಯ ಚಿತ್ರ ಕಾಣುತ್ತದೆ. ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ, ‘ಶಿ’ ಇದ್ದಲ್ಲಿ ಗಣಿತದ ವರ್ಗಕ್ಕೆ ಹಾಕುವ ಪುಟಾಣಿ ಎರಡು, ‘ನ’ ಇದ್ದಲ್ಲೆಲ್ಲ ಬ್ರಿಟಿಷರ ಪೌಂಡಿನ ಗುರುತು. ಮೊದಲ ವರ್ಷ ನಾನು ನೋಡದೆ ಹಾಕಿ ಮಲಗಿಬಿಟ್ಟೆ. ಬೆಳಿಗ್ಗೆ ಆರಕ್ಕೆ ಖಜಾಂಚಿಯವರ ಫೋನು.

“ವರದಿ ತುಂಬಾ ಪೌಂಡ್ ಇದೆಯಲ್ಲ ಸಾರ್. ಲಂಡನ್ನಿಂದ ದೇಣಿಗೆ ಬಂತಾ? ನನಗೊಂದು ಮಾತು ಹೇಳ್ಬಾರ್ದಾ?”

ಇವೆಲ್ಲ ಪದಾಧಿಕಾರಿಗಳ ಪುಟದ ಮುಂದೆ ಏನೂ ಅಲ್ಲ. ನಮ್ಮ ಅಧ್ಯಕ್ಷರು ಅಕ್ಕಿ ಗಿರಣಿಯ ಯಜಮಾನರು, ಮೃದು ಸ್ವಭಾವದವರು. ಅವರು ಕೊಟ್ಟ ಭಾವಚಿತ್ರದಲ್ಲಿ ತಲೆ ತುಂಬ ಕೂದಲಿದೆ, ಹೆಗಲ ಮೇಲೆ ಯಾರದೋ ಬಳೆ ತೊಟ್ಟ ಬೆರಳುಗಳಿವೆ; ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಹೊಸದು ಕೊಡಿ ಎಂದರೆ ಒಪ್ಪಲಿಲ್ಲ. 2011ರ ಕ್ರೀಡಾ ಸಂಹಿತೆ ರಾಷ್ಟ್ರೀಯ ಒಕ್ಕೂಟಗಳ ಪದಾಧಿಕಾರಿಗಳಿಗೆ 70 ವರ್ಷದ ಮಿತಿ ಹಾಕಿದ್ದನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ಅದು ದೆಹಲಿಯವರ ಮಾತು, ನಮ್ಮ ತನಕ ಬರುವುದಿಲ್ಲ ಎಂದೆ. “ಬಂದ್ರೆ?” ಅಂದರು. ಬೆರಳುಗಳ ಸಮೇತ ಹಾಕಿದೆ.

ಕಂಪ್ಯೂಟರಿನಲ್ಲಿ ಪುಟ ಲಕ್ಷಣವಾಗಿತ್ತು. ನಡುವೆ ಅಧ್ಯಕ್ಷರು, ಎಡಕ್ಕೆ ಉಪಾಧ್ಯಕ್ಷರು, ಬಲಕ್ಕೆ ಕಾರ್ಯದರ್ಶಿಗಳು, ದೇವರ ಮನೆಯ ಪಟದ ಹಾಗೆ. ಆದರೆ ನಮ್ಮ ಸಂಘದಲ್ಲಿ ಕಂಪ್ಯೂಟರಿನಲ್ಲಿ ನೋಡುವವನು ನಾನೊಬ್ಬನೇ. ಮೊಬೈಲಿನ ಪರದೆ ಕಿರಿದು, ಮೂವರು ಒಟ್ಟಿಗೆ ಹಿಡಿಸುವುದಿಲ್ಲ. ಎಡದಲ್ಲಿದ್ದವರು ಮೊದಲು, ಅವರ ಕೆಳಗೆ ನಡುವಿನವರು ಎಂದು ಒಬ್ಬರ ತಲೆಯ ಮೇಲೆ ಒಬ್ಬರು ನಿಲ್ಲುತ್ತಾರೆ. ಉಪಾಧ್ಯಕ್ಷರು ಒಂದು ವಾರ ಅಧ್ಯಕ್ಷರ ತಲೆಯ ಮೇಲೆ ನಿಂತು ಮಂದಹಾಸ ಬೀರಿದರು. ಕಳೆದ ಚುನಾವಣೆಯಲ್ಲಿ ಇಬ್ಬರೂ ಎದುರಾಳಿಗಳು ಎಂಬುದನ್ನು ಇಲ್ಲಿ ಸೇರಿಸಬೇಕು.

ಮಗನಿಗೆ ಫೋನು ಮಾಡಿ ಸರಿಪಡಿಸಿದೆ. ಅಧ್ಯಕ್ಷರಿಗೆ ತಿಳಿಸಿದೆ. “ನನ್ನ ಫೋನಲ್ಲಿ ಇನ್ನೂ ಅವರೇ ಮೇಲಿದ್ದಾರೆ” ಅಂದರು. ಫೋನು ಒಮ್ಮೆ ನೋಡಿದ ಪುಟವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದನ್ನೇ ತೋರಿಸುತ್ತಿರುತ್ತದೆ ಎಂದು ವಿವರಿಸಿದೆ. ಹೊಟ್ಟೆಯಲ್ಲಿಟ್ಟುಕೊಳ್ಳುವುದು ಫೋನು ಮಾತ್ರವಲ್ಲ ಎಂದು ಅವರ ಮೌನದಿಂದ ಗೊತ್ತಾಯಿತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತಲ್ಲ, ಭಾರತದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಫೈನಲಿನಲ್ಲಿ ನೇಪಾಳವನ್ನು ಸೋಲಿಸಿ ಎರಡೂ ಕಪ್ ತಂದರು. ಹೆಂಗಸರದು 78-40, ಗಂಡಸರದು 54-36. ತಂಡಗಳಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ಕರ್ನಾಟಕದವರೇ ಆದ ಗೌತಮ್ ಇದ್ದರು. ಆ ರಾತ್ರಿ ನಾನು ಹೆಂಡತಿಯನ್ನು ಎಬ್ಬಿಸಿ ಸುದ್ದಿ ಹೇಳಿದೆ. ಬೆಳಗಾಗುವಷ್ಟರಲ್ಲಿ ನನ್ನ ವಾಟ್ಸಾಪಿಗೆ ಒಂಬತ್ತು ಅಭಿನಂದನೆಗಳು ಬಂದಿದ್ದವು, ವೆಬ್‌ಸೈಟಿಗೆ ಹಾಕಲು. ಎಲ್ಲದರಲ್ಲೂ ಅಭಿನಂದಿಸುವವರು ಆಳೆತ್ತರ, ಗೆದ್ದವರು ಅಂಚೆಚೀಟಿ. ಒಂದರಲ್ಲಿ ಕಪ್ ಹಿಡಿದಿದ್ದವರೂ ಅಭಿನಂದಿಸುವವರೇ. ಅದು ತಾಲ್ಲೂಕು ಮಟ್ಟದ ಯಾವುದೋ ಕಪ್ಪು.

ಪರರ ದೋಷ ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳದಿದ್ದರೆ ಅನ್ನ ಅರಗುವುದಿಲ್ಲ. ಕಿರಿಯರ ತಂಡದ ಆಯ್ಕೆ 21ನೇ ತಾರೀಕು ಇತ್ತು. ನಾನು 12 ಎಂದು ಹಾಕಿದೆ. ಬ್ಯಾಂಕಿನಲ್ಲಿ ಅಂಕಿ ಹಿಂದುಮುಂದಾದರೆ ಸಂಜೆ ಲೆಕ್ಕ ತಾಳೆಯಾಗದೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಇಲ್ಲಿ ಹತ್ತು ದಿನ ಯಾರೂ ಗಮನಿಸಲಿಲ್ಲ, ಅದೇ ಪುಟದ ಕೆಳಗೆ ತಮ್ಮ ಚಿತ್ರ ಇದೆಯೇ ಎಂದು ನಾಲ್ಕು ಜನ ದಿನಾ ನೋಡುತ್ತಿದ್ದರೂ.

12ರ ಬೆಳಿಗ್ಗೆ ಏಳೂವರೆಗೆ ಒಂದು ಹಳ್ಳಿ ಶಾಲೆಯ ಪಿಟಿ ಮೇಷ್ಟ್ರು ಫೋನು ಮಾಡಿದರು. “ಗ್ರೌಂಡಲ್ಲಿ ಯಾರೂ ಇಲ್ವಲ್ಲ ಸಾರ್? ಎಮ್ಮೆ ಮೇಯ್ತಾ ಇದಾವೆ.”

ಓಡಿದೆ. ಐದು ಹುಡುಗಿಯರು, ಮೊದಲ ಬಸ್ಸಿಗೆ ಬಂದವರು, ಕಂಬಕ್ಕೆ ಒರಗಿ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಜನನ ಪ್ರಮಾಣಪತ್ರ, ಆಧಾರ್ ಜೆರಾಕ್ಸು. ದಾರಿಯಿಂದಲೇ ಸಮಿತಿಯ ಎಲ್ಲರಿಗೂ ಫೋನು ಮಾಡಿದ್ದೆ. ಬಂದವರು ಊಟೋಪಚಾರದ ಸಂಚಾಲಕರು ಮಾತ್ರ, ಸ್ಕೂಟರಿನ ಕೊಕ್ಕೆಗೆ ಇಡ್ಲಿ ಕ್ಯಾರಿಯರು ತೂಗುಹಾಕಿಕೊಂಡು. ಏನಾಯಿತೆಂದು ಅವರು ಕೇಳಲೂ ಇಲ್ಲ. “ಚಟ್ನಿ ಖಾರ ಆಗಿದೆಯಾ ನೋಡ್ರವ್ವಾ” ಅಂತ ಬಡಿಸಲು ನಿಂತರು.

ಎಲ್ಲರಿಗಿಂತ ಚಿಕ್ಕವಳು ತಿನ್ನುತ್ತಲೇ ಕೇಳಿದಳು: “ವೆಬ್‌ಸೈಟ್ ಮಾಡೋದು ನೀವೇನಾ ಅಂಕಲ್?”

ಹೌದೆಂದೆ, ಬೈಸಿಕೊಳ್ಳಲು ತಯಾರಾಗಿ.

“ಚೆನ್ನಾಗೈತೆ. ಆದ್ರೆ ಅದ್ರಲ್ಲಿ ಬರೀ ಅಂಕಲ್‌ಗಳೇ ಅವ್ರೆ.”

ಮೇಷ್ಟ್ರು ಅವಳನ್ನು ಗದರಿಸಿದರು. ನಾನು ಅವರ ಒಪ್ಪಿಗೆ ಕೇಳಿ ಐವರದೂ ಒಂದು ಫೋಟೋ ತೆಗೆದೆ, ಕಂಬದ ಪಕ್ಕ, ಕೈಯಲ್ಲಿ ಇಡ್ಲಿ ತಟ್ಟೆ, ಹಿಂದೆ ಒಂದು ಎಮ್ಮೆಯ ಅರ್ಧಭಾಗ. ಸಂಜೆ ತಾರೀಕು ತಿದ್ದಿ, ಆ ಚಿತ್ರವನ್ನು ಪುಟದ ಎಡಭಾಗಕ್ಕೆ ಹಾಕಿದೆ. ಎಡಕ್ಕಿದ್ದದ್ದು ಮೊಬೈಲಿನಲ್ಲಿ ಎಲ್ಲರಿಗಿಂತ ಮೇಲೆ ಬರುತ್ತದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಮೂರು ದಿನವಾಯಿತು, ಅಧ್ಯಕ್ಷರ ಫೋನು ಬಂದಿಲ್ಲ. ಅವರ ಮೊಬೈಲಿನಲ್ಲಿ ಇನ್ನೂ ಹಳೆಯದೇ ಕಾಣುತ್ತಿರಬೇಕು.